ಚಿಚೆನ್ ಇಟ್ಸಾ ಮತ್ತು ಸೆನೋಟೆ ಒಂದೇ ದಿನದಲ್ಲಿ: ಅತ್ತೆ, ಮಗು ಜೊತೆಗಿದ್ದರೆ ಯಾವ ಟೂರು ಸರಿ?

ಪ್ರಶ್ನೆ: ನಾವು ಡಲ್ಲಾಸ್‌ನಲ್ಲಿದ್ದೇವೆ. ಡಿಸೆಂಬರ್ ರಜೆಯಲ್ಲಿ ಐದು ದಿನ ಮೆಕ್ಸಿಕೋದ ಕಾನ್ಕುನ್‌ಗೆ ಹೋಗುತ್ತಿದ್ದೇವೆ. ಮೈಸೂರಿನಿಂದ ಬಂದಿರುವ ಅತ್ತೆ ಜೊತೆಗಿದ್ದಾರೆ, 68 ವರ್ಷ, ಮಂಡಿ ನೋವು. ಮಗನಿಗೆ 7 ವರ್ಷ, ಈಜು ಬರುವುದಿಲ್ಲ. ಮಾಯಾ ಜನರ ಹಳೆಯ ಪಾಳು ನಗರ ಚಿಚೆನ್ ಇಟ್ಸಾ, ಸೆನೋಟೆ ಅನ್ನುವ ಬಾವಿಯಂಥ ಕೊಳದಲ್ಲಿ ಈಜು, ವಯ್ಯಾದೋಲಿದ್ ಊರು, ಊಟ ಎಲ್ಲಾ ಸೇರಿ ಒಂದೇ ದಿನದ ಗೈಡ್ ಟೂರುಗಳಿವೆ. ತಗೊಳ್ಳಬಹುದಾ, ಇಲ್ಲ ಕಾರು ಬಾಡಿಗೆಗೆ ಹಿಡಿಯೋದು ವಾಸಿಯಾ? ನಾವು ಸಸ್ಯಾಹಾರಿಗಳು. ಇನ್ನೊಂದು, ಅತ್ತೆ ಕೇಳುತ್ತಿದ್ದಾರೆ: ಸೆನೋಟೆ ಅಂದರೆ ಮಾಯಾ ಜನರ ದೇವರ ಬಾವಿ ಅಂತಾರಲ್ಲ, ಅದರಲ್ಲಿ ಇಳಿದು ಈಜೋದು ಸರಿಯಾ?

ಉತ್ತರ: ಹೋಗಿ. ಖಂಡಿತ ಹೋಗಿ. ಆದರೆ ದೊಡ್ಡ ಬಸ್ಸಿನ ಟೂರು ಬೇಡ. ಹತ್ತು ಹನ್ನೆರಡು ಜನರ ವ್ಯಾನು, ಬೆಳಗಿನ ಜಾವ ಹೊರಡುವಂಥದ್ದು, ಒಂದು ಪಾಳು ನಗರ ಮತ್ತು ಒಂದೇ ಒಂದು ಸೆನೋಟೆ ಇರುವಂಥದ್ದು, ಅದನ್ನು ಹುಡುಕಿ. ಇನ್ನೂ ಒಳ್ಳೆಯದು ಅಂದರೆ ಹಿಂದಿನ ರಾತ್ರಿಯೇ ವಯ್ಯಾದೋಲಿದ್‌ನಲ್ಲಿ ಉಳಿದು ಬೆಳಿಗ್ಗೆ ಅಲ್ಲಿಂದಲೇ ಹೋಗುವುದು. ಯಾಕೆ ಅಂತ ಹೇಳುತ್ತೇನೆ.

ನಾನು ಏಳು ವರ್ಷ ಅದೇ ಸೀಮೆಯ ಮೆರಿಡಾ ನಗರದಲ್ಲಿದ್ದೆ. ಅಮೆರಿಕದಿಂದ ಬರುವ ನಮ್ಮ ಕಡೆಯ ಕುಟುಂಬಗಳಿಗೆ ಈ ಪ್ರವಾಸಗಳನ್ನು ಗೊತ್ತು ಮಾಡಿಕೊಡುತ್ತಿದ್ದೆ. ಆದರೆ ನಾನೇ ಮೊದಲ ಸಲ ಹೋದದ್ದು ನೀವು ಹೇಳುವಂಥ ಬಸ್ಸಿನಲ್ಲೇ, ಅಪ್ಪ ಅಮ್ಮನ ಜೊತೆ. ಬೆಳಿಗ್ಗೆ ಏಳಕ್ಕೆ ನಮ್ಮನ್ನು ಹತ್ತಿಸಿಕೊಂಡ ಬಸ್ಸು ಒಂದೂವರೆ ಗಂಟೆ ಹೋಟೆಲಿಂದ ಹೋಟೆಲಿಗೆ ಸುತ್ತಿತು. ದಾರಿಯಲ್ಲಿ ಒಂದು ಕರಕುಶಲ ಅಂಗಡಿಯ ಮುಂದೆ ಮುಕ್ಕಾಲು ಗಂಟೆ ನಿಂತಿತು, ಅಲ್ಲಿ ಬೆಳ್ಳಿ ಒಡವೆ ಮತ್ತು ಮದ್ಯದ ಬಾಟಲಿ ಮಾರುತ್ತಿದ್ದರು. ಚಿಚೆನ್ ಇಟ್ಸಾದ ಗೇಟಿನ ಮುಂದೆ ಇಳಿದಾಗ ನಡು ಮಧ್ಯಾಹ್ನ. ನೆತ್ತಿ ಸುಡುವ ಬಿಸಿಲು. ಗೈಡ್ ನಲವತ್ತು ನಿಮಿಷ ಮಾತಾಡಿ, ಅರ್ಧ ಗಂಟೆ ನಿಮ್ಮದು ಅಂತ ಬಿಟ್ಟುಬಿಟ್ಟ. ಸೆನೋಟೆಯಲ್ಲಿ ಸಿಕ್ಕಿದ್ದು ನಲವತ್ತೈದು ನಿಮಿಷ, ಅದರಲ್ಲಿ ಇಪ್ಪತ್ತು ಲಾಕರ್, ಸ್ನಾನ, ಲೈಫ್ ಜಾಕೆಟ್ಟಿನ ಸಾಲಿಗೇ ಹೋಯಿತು. ಅಮ್ಮ ವಾಪಸ್ ಬರುವಾಗ ಕೇಳಿದ್ದು ಒಂದೇ ಮಾತು, "ಅಷ್ಟು ದೂರ ಹೋಗಿ ನಾವು ನೋಡಿದ್ದೇನು?" ಅವತ್ತೇ ತೀರ್ಮಾನ ಮಾಡಿದೆ, ಯಾರನ್ನೂ ಹಾಗೆ ಕಳಿಸಬಾರದು ಅಂತ. ಟೂರಿನ ಪಟ್ಟಿಯಲ್ಲಿ ಎಷ್ಟು ಜಾಗ ಇದೆ ಅಂತ ನೋಡಬೇಡಿ. ಗೇಟಿನ ಒಳಗೆ ಎಷ್ಟು ಹೊತ್ತಿಗೆ ಇರುತ್ತೀರಿ, ನೀರಲ್ಲಿ ಎಷ್ಟು ಹೊತ್ತು ಇರುತ್ತೀರಿ, ಅದನ್ನು ನೋಡಿ.

ಇನ್ನೊಂದು ಮಾತು. ಈ ಟೂರುಗಳು ಸೆನೋಟೆಯನ್ನು ಈಜುಕೊಳದ ಥರ ತೋರಿಸುತ್ತವೆ. ಬಿಸಿಲಲ್ಲಿ ಕಲ್ಲು ನೋಡಿ ಸುಸ್ತಾಯಿತಲ್ಲ, ಈಗ ಸ್ವಲ್ಪ ತಣ್ಣಗಾಗಿ ಅಂತ. ಆದರೆ ನಿಜದಲ್ಲಿ ಬಾವಿ ಇದ್ದದ್ದರಿಂದಲೇ ಅಲ್ಲಿ ನಗರ ಬಂತು. ಈ ಯುಕಟಾನ್ ಪರ್ಯಾಯ ದ್ವೀಪ ಅಂದರೆ ಒಂದು ದೊಡ್ಡ ಸುಣ್ಣಕಲ್ಲಿನ ಹಾಸು. ಮೇಲೆ ಮಣ್ಣು ಒಂದು ಗೇಣೂ ಇಲ್ಲದ ಜಾಗಗಳಿವೆ. ಆ ಉತ್ತರ ಭಾಗದಲ್ಲಿ ನೆಲದ ಮೇಲೆ ಹರಿಯುವ ನದಿಯೇ ಇಲ್ಲ. ಮಳೆ ಬಂದರೆ ನೀರು ಸೀದಾ ಕಲ್ಲಿನೊಳಗೆ ಇಳಿಯುತ್ತದೆ. ಲಕ್ಷಾಂತರ ವರ್ಷ ಹೀಗೆ ಇಳಿದ ನೀರು ಕಲ್ಲನ್ನು ಕರಗಿಸಿ ಕೆಳಗೆ ಗುಹೆಗಳನ್ನು ಮಾಡಿದೆ, ಮೇಲಿನ ಛಾವಣಿ ಕುಸಿದ ಕಡೆ ಬಾವಿಯಂತೆ ಬಾಯಿ ತೆರೆದಿದೆ. ಮಾಯಾ ಜನ ಅದನ್ನು ತ್ಸೊನೊತ್ ಅಂದರು, ಸ್ಪೇನಿನವರ ಬಾಯಲ್ಲಿ ಅದು ಸೆನೋಟೆ ಆಯಿತು. ಊರಿನ ಹೆಸರನ್ನೇ ನೋಡಿ: ಚಿ ಅಂದರೆ ಬಾಯಿ, ಚೆನ್ ಅಂದರೆ ಬಾವಿ, ಇಟ್ಸಾ ಅಂದರೆ ಅಲ್ಲಿದ್ದ ಜನ. ಇಟ್ಸಾ ಜನರ ಬಾವಿಯ ಬಾಯಿ.

ಆ ಪ್ರದೇಶದ ಸೆನೋಟೆಗಳಿಗೆ ಇನ್ನೊಂದು ಕಥೆಯೂ ಇದೆ, ಮಗನಿಗೆ ಖಂಡಿತ ಹೇಳಿ. 6.6 ಕೋಟಿ ವರ್ಷದ ಹಿಂದೆ ಡೈನೋಸಾರ್‌ಗಳ ಕಾಲ ಮುಗಿಸಿದ ಆ ಬಾಹ್ಯಾಕಾಶದ ಬಂಡೆ ಬಿದ್ದದ್ದು ಇಲ್ಲೇ, ಚಿಕ್ಷುಲೂಬ್ ಅನ್ನುವ ಊರಿನ ಹತ್ತಿರ. ಸುಮಾರು 180 ಕಿಲೋಮೀಟರ್ ಅಗಲದ ಆ ಕುಳಿ ಈಗ ನೆಲದಡಿ ಹೂತುಹೋಗಿದೆ. ಆದರೆ ಅದರ ಅಂಚಿನ ಉದ್ದಕ್ಕೂ ಸೆನೋಟೆಗಳು ಬಳೆಯಂತೆ ಸಾಲಾಗಿ ನಿಂತಿವೆ. ಏಳು ವರ್ಷದ ಹುಡುಗನಿಗೆ ಪಿರಮಿಡ್‌ಗಿಂತ ಇದೇ ಜಾಸ್ತಿ ಇಷ್ಟವಾಗುತ್ತದೆ ಅಂತ ನನ್ನ ಅನುಭವ.

ಈಗ ಗಡಿಯಾರದ ವಿಷಯ. ಇದನ್ನು ತುಂಬಾ ಜನ ಮರೆಯುತ್ತಾರೆ. ಕಾನ್ಕುನ್ ಇರುವುದು ಕಿಂತಾನಾ ರೋ ರಾಜ್ಯದಲ್ಲಿ, ಚಿಚೆನ್ ಇಟ್ಸಾ ಇರುವುದು ಯುಕಟಾನ್ ರಾಜ್ಯದಲ್ಲಿ. ಯುಕಟಾನ್ ಗಡಿಯಾರ ಒಂದು ಗಂಟೆ ಹಿಂದೆ. ಅಂದರೆ ಹೋಗುವಾಗ ನಿಮಗೆ ಒಂದು ಗಂಟೆ ಸಿಗುತ್ತದೆ, ಬರುವಾಗ ಅದೇ ಗಂಟೆ ಹೋಗುತ್ತದೆ. ದೂರ ಸುಮಾರು 200 ಕಿಲೋಮೀಟರ್, ಟೋಲ್ ರಸ್ತೆಯಲ್ಲಿ ಎರಡೂವರೆ ಗಂಟೆ. ಕಾನ್ಕುನ್ ಸಮಯ ಆರಕ್ಕೆ ಹೊರಟರೆ ಅಲ್ಲಿಯ ಸಮಯ ಏಳೂವರೆಗೆ ತಲುಪುತ್ತೀರಿ. ಗೇಟು ತೆಗೆಯುವುದು ಎಂಟಕ್ಕೆ. ಅಷ್ಟು ಹೊತ್ತಿಗೆ ಸಾಲಿನಲ್ಲಿ ಮೊದಲು ನಿಂತಿರಬೇಕು. ಎಂಟರಿಂದ ಹತ್ತೂವರೆ ತನಕ ಆ ಜಾಗ ಬೇರೆ, ಹನ್ನೊಂದರ ಮೇಲೆ ಬೇರೆ. ನೀವು ಹೋಗುತ್ತಿರುವುದು ಡಿಸೆಂಬರ್ ಕೊನೆಗೆ, ವರ್ಷದಲ್ಲೇ ಅತಿ ಹೆಚ್ಚು ಜನ ಸೇರುವ ವಾರಗಳಲ್ಲಿ ಅದೂ ಒಂದು. ಭಾನುವಾರ ಬೇಡವೇ ಬೇಡ, ಅವತ್ತು ಮೆಕ್ಸಿಕೋದವರಿಗೆ ಪ್ರವೇಶ ಶುಲ್ಕದಲ್ಲಿ ವಿನಾಯಿತಿ, ಊರಿಗೆ ಊರೇ ಬಂದಿರುತ್ತದೆ.

ಅದಕ್ಕೇ ನಾನು ವಯ್ಯಾದೋಲಿದ್‌ನಲ್ಲಿ ಒಂದು ರಾತ್ರಿ ಅನ್ನೋದು. ಅಲ್ಲಿಂದ ಚಿಚೆನ್ ಇಟ್ಸಾ ಮುಕ್ಕಾಲು ಗಂಟೆ ಅಷ್ಟೆ. ಅತ್ತೆ ಬೆಳಗಿನ ಜಾವ ಐದಕ್ಕೆ ಎದ್ದು ವ್ಯಾನು ಹತ್ತಬೇಕಾಗಿಲ್ಲ. ಸಂಜೆ ಊರಿನ ಚೌಕದಲ್ಲಿ ಕೂತರೆ ಮಾಯಾ ಹೆಂಗಸರು ಹೂವಿನ ಕಸೂತಿಯ ಬಿಳಿ ಇಪಿಲ್ ಹಾಕಿಕೊಂಡು ಓಡಾಡುವುದು ಕಾಣುತ್ತದೆ. ಮಾಯಾ ಜನ ಎಲ್ಲೋ ಮಾಯವಾದರು ಅಂತ ಶಾಲೆಯಲ್ಲಿ ಓದಿದವರಿಗೆ ಇದು ಬೇಕು. 2020ರ ಜನಗಣತಿಯಲ್ಲಿ ಮೆಕ್ಸಿಕೋದಲ್ಲಿ ಯುಕಟಾನಿನ ಮಾಯಾ ಭಾಷೆ ಆಡುವವರು ಏಳೂವರೆ ಲಕ್ಷಕ್ಕೂ ಜಾಸ್ತಿ ಇದ್ದರು. ಅಂಗಡಿಯಲ್ಲಿ "ದ್ಯೋಸ್ ಬೋಟಿಕ್" ಅಂದು ನೋಡಿ, ಧನ್ಯವಾದ ಅಂತ ಅರ್ಥ, ಅಜ್ಜಿಯರ ಮುಖ ಅರಳುತ್ತದೆ.

ಕಾರು ಬಾಡಿಗೆಗೆ ಹಿಡಿಯಬಹುದಾ ಅಂದರೆ, ಹಿಡಿಯಬಹುದು. ರಸ್ತೆ ನೇರ, ಚೆನ್ನಾಗಿದೆ. ಟೋಲಿಗೆ ಪೆಸೊ ನಗದು ಇಟ್ಟುಕೊಳ್ಳಿ. ಹಳ್ಳಿಗಳಲ್ಲಿ ತೋಪೆ ಅನ್ನುವ ರಸ್ತೆ ಉಬ್ಬುಗಳಿವೆ, ನಮ್ಮ ಊರಿನ ಹಂಪ್‌ಗಳ ಹಾಗೇ, ಬಣ್ಣ ಇಲ್ಲದೆ ಧುತ್ತಂತ ಎದುರಾಗುತ್ತವೆ. ನಿಧಾನ ಹೋಗಿ. ಕಾರಲ್ಲಿ ಹೋದರೂ ಗೈಡ್ ಮಾತ್ರ ತಗೊಳ್ಳಿ, ಗೇಟಿನ ಬಳಿಯೇ ಸಿಗುತ್ತಾರೆ. ಮೆಕ್ಸಿಕೋ ಸರ್ಕಾರದ ಪ್ರವಾಸೋದ್ಯಮ ಇಲಾಖೆ ಕೊಟ್ಟ ಗುರುತಿನ ಚೀಟಿ ಕೊರಳಲ್ಲಿ ಇರಬೇಕು, ತೋರಿಸಿ ಅಂತ ಕೇಳಿದರೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಗೈಡ್ ಯಾಕೆ ಬೇಕು? ಅಲ್ಲಿ ಕಲ್ಲಿನ ಮುಂದೆ ಹೆಸರು ಬರೆದ ಫಲಕ ಬಿಟ್ಟರೆ ಹೆಚ್ಚೇನಿಲ್ಲ. ಕುಕುಲ್ಕಾನ್ ಅನ್ನುವ ಹಾವಿನ ದೇವರ ಪಿರಮಿಡ್ ನೋಡಿದರೆ ಚೆಂದ, ಆದರೆ ಅದು ಒಂದು ಕ್ಯಾಲೆಂಡರ್ ಅಂತ ಯಾರಾದರೂ ಹೇಳಬೇಕಲ್ಲ. ನಾಲ್ಕು ಕಡೆಗೂ 91 ಮೆಟ್ಟಿಲು, ಮೇಲಿನ ಗುಡಿಯ ಕಟ್ಟೆ ಒಂದು, ಒಟ್ಟು 365. ಒಂಬತ್ತು ಹಂತ. ಗುಡಿ ಸೇರಿ 30 ಮೀಟರ್ ಎತ್ತರ. ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಹಗಲು ರಾತ್ರಿ ಸಮವಾಗುವ ದಿನಗಳ ಸುಮಾರಿಗೆ, ಸಂಜೆಯ ಬಿಸಿಲಲ್ಲಿ ಉತ್ತರದ ಮೆಟ್ಟಿಲ ಪಕ್ಕದ ಗೋಡೆಯ ಮೇಲೆ ಬೆಳಕಿನ ತ್ರಿಕೋನಗಳು ಮೂಡಿ, ಹಾವು ಇಳಿದು ಬಂದ ಹಾಗೆ ಕಾಣುತ್ತದೆ. ಕೆಳಗೆ ಕಲ್ಲಿನ ಹಾವಿನ ತಲೆ ಬಾಯಿ ತೆರೆದು ಕಾದಿರುತ್ತದೆ. ನಿಮಗೆ ಡಿಸೆಂಬರ್‌ನಲ್ಲಿ ಇದು ಕಾಣುವುದಿಲ್ಲ. ಆದರೆ ಚಪ್ಪಾಳೆ ಇದೆಯಲ್ಲ. ಉತ್ತರದ ಮೆಟ್ಟಿಲ ಎದುರು ಸ್ವಲ್ಪ ದೂರ ನಿಂತು ಮಗನಿಗೆ ಒಂದು ಸಲ ಜೋರಾಗಿ ಚಪ್ಪಾಳೆ ತಟ್ಟಲು ಹೇಳಿ. ವಾಪಸ್ ಬರುವುದು ಚಪ್ಪಾಳೆಯ ಸದ್ದಲ್ಲ, ಹಕ್ಕಿ ಕೂಗಿದ ಹಾಗೆ ಒಂದು "ಚಿಯೂ". ಕೆಟ್ಸಾಲ್ ಹಕ್ಕಿಯ ಕೂಗಿನಂತಿದೆ ಅಂತಾರೆ. ಕೆಳಗಿನ ಮೆಟ್ಟಿಲಿಂದ ಸದ್ದು ಬೇಗ ಬರುತ್ತದೆ, ಮೇಲಿನ ಮೆಟ್ಟಿಲಿಂದ ತಡವಾಗಿ, ಅದಕ್ಕೇ ಸ್ವರ ಜಾರಿ ಇಳಿಯುತ್ತದೆ. ಇದನ್ನು ಕೇಳಬೇಕಾದರೆ ಬೆಳಿಗ್ಗೆ ಎಂಟೂಕಾಲಿಗೆ ಅಲ್ಲಿರಬೇಕು. ಹತ್ತರ ಮೇಲೆ ನೂರು ಜನ ಒಟ್ಟಿಗೆ ತಟ್ಟುತ್ತಿರುತ್ತಾರೆ, ಏನೂ ಕೇಳಿಸದು. ಪಿರಮಿಡ್ ಹತ್ತಲು ಬಿಡುವುದಿಲ್ಲ, ನಿಲ್ಲಿಸಿ ಹದಿನೈದು ವರ್ಷದ ಮೇಲಾಯಿತು. ಅತ್ತೆಗೆ ಮೆಟ್ಟಿಲಿನ ಚಿಂತೆ ಇಲ್ಲಿ ಬೇಡ. ನೆಲ ಸಮತಟ್ಟು, ಆದರೆ ನಡೆಯುವುದು ಜಾಸ್ತಿ, ಕೈಗೋಲು ಇದ್ದರೆ ತರಲಿ, ಛತ್ರಿಯೂ ಇರಲಿ.

ಗೈಡ್ ಹೇಳುವುದನ್ನೆಲ್ಲ ನಂಬಬೇಡಿ ಅಂತಲೂ ಹೇಳಬೇಕು. ಚೆಂಡಾಟದ ಅಂಗಳ 168 ಮೀಟರ್ ಉದ್ದ, 70 ಮೀಟರ್ ಅಗಲ, ಆ ಕಾಲದ ಅಂಗಳಗಳಲ್ಲಿ ಅಷ್ಟು ದೊಡ್ಡದು ಬೇರೆ ಇಲ್ಲ. ಗೋಡೆಯ ಕೆಳಗಿನ ಕೆತ್ತನೆಯಲ್ಲಿ ತಲೆ ಕಡಿದ ಆಟಗಾರನೊಬ್ಬ ಮಂಡಿಯೂರಿದ್ದಾನೆ, ಕತ್ತಿನಿಂದ ಚಿಮ್ಮುವ ರಕ್ತ ಹಾವುಗಳಾಗಿದೆ. ಇಲ್ಲಿಗೆ ಬಂದ ಕೂಡಲೇ ಅರ್ಧದಷ್ಟು ಗೈಡ್‌ಗಳು "ಗೆದ್ದವನ ತಲೆ ಕಡಿಯುತ್ತಿದ್ದರು, ಅದೇ ಗೌರವ" ಅಂತ ಶುರು ಮಾಡುತ್ತಾರೆ. ಗೆದ್ದವನೋ ಸೋತವನೋ ಅಂತ ಆ ಕಲ್ಲು ಹೇಳುವುದಿಲ್ಲ. ಹಾಗೇ ಪವಿತ್ರ ಸೆನೋಟೆಯ ದಂಡೆಯಲ್ಲಿ "ಕನ್ಯೆಯರನ್ನು ತಳ್ಳುತ್ತಿದ್ದರು" ಅನ್ನುವ ಕಥೆ. 1904ರಿಂದ ಅಮೆರಿಕದ ಎಡ್ವರ್ಡ್ ಥಾಂಪ್ಸನ್ ಆ ಬಾವಿಯ ಕೆಸರನ್ನು ಬಕೆಟ್ ಯಂತ್ರದಿಂದ ಎತ್ತಿಸಿದಾಗ ಹಸಿರು ಕಲ್ಲಿನ ಒಡವೆ, ಚಿನ್ನ, ಧೂಪದ ಉಂಡೆ, ಜೊತೆಗೆ ಮನುಷ್ಯರ ಮೂಳೆಗಳೂ ಸಿಕ್ಕವು. ಮೂಳೆ ಪರೀಕ್ಷೆ ಮಾಡಿದರೆ ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಇದ್ದರು. ಇನ್ನು 1967ರಲ್ಲಿ ಆ ಬಾವಿಯ ಹತ್ತಿರದ ನೆಲಮಾಳಿಗೆಯಂಥ ಹಳೆಯ ತೊಟ್ಟಿಯೊಂದರಲ್ಲಿ ನೂರಕ್ಕೂ ಹೆಚ್ಚು ಮಕ್ಕಳ ಮೂಳೆ ಸಿಕ್ಕಿದ್ದವು. ಅವರಲ್ಲಿ 64 ಮಕ್ಕಳ ಡಿಎನ್‌ಎ ಪರೀಕ್ಷೆಯ ಫಲಿತಾಂಶ 2024ರಲ್ಲಿ ಬಂತು. ಅಷ್ಟೂ ಗಂಡು ಮಕ್ಕಳು, ಎರಡು ಜೋಡಿ ಅವಳಿಗಳು. ಕೇಳಿದಾಗ ಎದೆ ಭಾರವಾಗುತ್ತದೆ. ಮಗನ ಮುಂದೆ ಇದನ್ನು ಹೇಳಬೇಡಿ ಅಂತ ಗೈಡ್‌ಗೆ ಮೊದಲೇ ತಿಳಿಸಿಬಿಡಿ, ಒಳ್ಳೆಯ ಗೈಡ್ ಅರ್ಥ ಮಾಡಿಕೊಳ್ಳುತ್ತಾರೆ.

ನೀವು ಗೈಡ್‌ಗೆ ಕೇಳಬೇಕಾದ್ದು ನೀರಿನ ಬಗ್ಗೆ. ಪಿರಮಿಡ್‌ನಿಂದ ಉತ್ತರಕ್ಕೆ ಸಕ್ಬೆ ಅನ್ನುವ ಒಂದು ದಾರಿ ಹೋಗುತ್ತದೆ. ಸಕ್ ಅಂದರೆ ಬಿಳಿ, ಬೆ ಅಂದರೆ ದಾರಿ. ಆಗ ಸುಣ್ಣದ ಗಾರೆ ಹಾಕಿದ್ದರು, ಬೆಳದಿಂಗಳಲ್ಲಿ ಹೇಗೆ ಹೊಳೆಯುತ್ತಿತ್ತೋ ಊಹಿಸಿ. ಸುಮಾರು 300 ಮೀಟರ್ ನಡೆದರೆ ಪವಿತ್ರ ಸೆನೋಟೆ, 60 ಮೀಟರ್ ಅಗಲದ ಗುಂಡನೆಯ ಬಾವಿ, ಕಡಿದಾದ ಗೋಡೆ, ಹಸಿರು ಬಣ್ಣದ ನಿಂತ ನೀರು. ಕುಡಿಯುವ ನೀರು ಇಲ್ಲಿಂದ ಅಲ್ಲ, ದಕ್ಷಿಣಕ್ಕೆ ಶ್ತೊಲೋಕ್ ಅನ್ನುವ ಇನ್ನೊಂದು ಸೆನೋಟೆ ಇದೆ, ಅದರಿಂದ. ಒಂದು ಬಾವಿ ಮನುಷ್ಯರಿಗೆ, ಒಂದು ಮಳೆ ದೇವರು ಚಾಕ್‌ಗೆ. ಇವೆರಡರ ನಡುವೆ ಪಿರಮಿಡ್. 2015ರಲ್ಲಿ ಮೆಕ್ಸಿಕೋದ ವಿಜ್ಞಾನಿಗಳು ನೆಲಕ್ಕೆ ವಿದ್ಯುತ್ ಹಾಯಿಸಿ ಪರೀಕ್ಷೆ ಮಾಡಿದಾಗ ಪಿರಮಿಡ್‌ನ ಅಡಿಯಲ್ಲೇ ನೀರು ತುಂಬಿದ ಟೊಳ್ಳು ಇರುವುದು ಕಂಡುಬಂತು. ಅಂದರೆ ಗುಡಿ ನಿಂತಿರುವುದೇ ನೀರಿನ ಮೇಲೆ. ಬಸ್ಸಿನ ಟೂರುಗಳಲ್ಲಿ ಈ 300 ಮೀಟರ್ ನಡೆಯುವುದಕ್ಕೆ ಸಮಯವೇ ಇರುವುದಿಲ್ಲ. ನನ್ನ ಅಮ್ಮ ನೋಡದೆ ಬಂದದ್ದು ಇದನ್ನೇ. ಆ ದಾರಿಯ ಎರಡೂ ಕಡೆ ಅಂಗಡಿಗಳಿವೆ, ಊದಿದರೆ ಜಾಗ್ವಾರ್ ಗುಟುರು ಹಾಕಿದಂತೆ ಕೇಳುವ ಸೀಟಿ ಮಾರುತ್ತಾರೆ. ಮಗನಿಗೆ ಒಂದು ಕೊಡಿಸಿ, ಬರುವಾಗ ಕೊಡಿಸಿ, ಹೋಗುವಾಗ ಬೇಡ.

ಹತ್ತೂಮುಕ್ಕಾಲಿಗೆ ಹೊರಬಂದು ಈಜಲು ಹೋಗಿ. ಪಾಳು ಮೊದಲು, ನೀರು ಆಮೇಲೆ, ಇದನ್ನು ತಿರುಗುಮುರುಗು ಮಾಡಬೇಡಿ. ಬೆಳಿಗ್ಗೆ ತಣ್ಣೀರಲ್ಲಿ ಮಿಂದು, ಒದ್ದೆ ಬಟ್ಟೆಯ ಚೀಲ ಹೊತ್ತು ನಡು ಮಧ್ಯಾಹ್ನ ಬಯಲಲ್ಲಿ ನಿಂತರೆ ಯಾರಿಗೂ ಏನೂ ಬೇಡವಾಗುತ್ತದೆ. ಹತ್ತಿರದ್ದು ಇಕ್ ಕಿಲ್ ಸೆನೋಟೆ, ಮೂರು ಕಿಲೋಮೀಟರ್. ಅದೂ 60 ಮೀಟರ್ ಅಗಲ, ಆಳ 40 ಮೀಟರ್‌ನಷ್ಟು, ನೀರು ಇರುವುದು ನೆಲದಿಂದ 26 ಮೀಟರ್ ಕೆಳಗೆ. ಅಂದರೆ ಎಂಟು ಅಂತಸ್ತು ಇಳಿಯಬೇಕು, ಕಲ್ಲಿನ ಮೆಟ್ಟಿಲು, ಯಾವಾಗಲೂ ಒದ್ದೆ. ಅದೇ ಎಂಟು ಅಂತಸ್ತು ಮತ್ತೆ ಹತ್ತಬೇಕು. ನಿಮ್ಮ ಅತ್ತೆ ಇಳಿಯುವುದು ಬೇಡ ಅಂತ ನನ್ನ ಸ್ಪಷ್ಟ ಅಭಿಪ್ರಾಯ. ಆದರೆ ಬೇಜಾರು ಬೇಡ, ಮೇಲಿನ ಕಟ್ಟೆಯಿಂದ ಬಗ್ಗಿ ನೋಡಿದರೆ ಪೂರ್ತಿ ಕಾಣುತ್ತದೆ. ಅಂಚಿನ ಮರಗಳ ಬೇರು ಹಗ್ಗದ ಹಾಗೆ ಸೀದಾ ಇಳಿದು ನೀರಿನ ತನಕ ಬಂದಿರುತ್ತವೆ. ಕೆಳಗೆ ಜನ ಇರುವೆಗಳಂತೆ. ಸಣ್ಣ ನೀರಿನ ಎಳೆಗಳು ಗೋಡೆಯಿಂದ ಬೀಳುತ್ತಿರುತ್ತವೆ, ಅರ್ಧ ದಾರಿಯಲ್ಲೇ ಹನಿ ಹನಿಯಾಗಿ ಒಡೆದು ಬಿಸಿಲಲ್ಲಿ ಮಿನುಗುತ್ತವೆ. ಸೆನೋಟೆಗಳ ಗೋಡೆಯಲ್ಲಿ ತೋಹ್ ಅನ್ನುವ ನೀಲಿ ಹಸಿರು ಹಕ್ಕಿ ಗೂಡು ಮಾಡುತ್ತದೆ. ಬಾಲದ ತುದಿಯಲ್ಲಿ ಎರಡು ಗರಿ ಚಮಚದ ಹಾಗೆ. ಕೂತಲ್ಲೇ ಬಾಲವನ್ನು ಗಡಿಯಾರದ ಲೋಲಕದಂತೆ ಆಡಿಸುತ್ತದೆ. ಸುಮ್ನೆ ಹತ್ತು ನಿಮಿಷ ಕೂತರೆ ಅತ್ತೆಗೆ ಅದು ಕಂಡರೂ ಕಾಣಬಹುದು, ಈಜುವವರಿಗೆ ಕಾಣುವುದಿಲ್ಲ.

ಮಗನ ವಿಷಯ. ಸೆನೋಟೆಯಲ್ಲಿ ಈಜುಕೊಳದ ಹಾಗೆ ಕಡಿಮೆ ಆಳದ ಭಾಗ ಇರುತ್ತದೆ ಅಂದುಕೊಳ್ಳಬೇಡಿ. ಇಕ್ ಕಿಲ್‌ನಲ್ಲಿ ಮೆಟ್ಟಿಲು ಬಿಟ್ಟ ಮರುಗಳಿಗೆ ಕಾಲಿಗೆ ನೆಲ ಇಲ್ಲ. ಜಾಕೆಟ್ ಕಡ್ಡಾಯ, ಈಜು ಬರುವವರಿಗೂ. ಮಗನಿಗೆ ಅವರು ಕೊಡುವ ಜಾಕೆಟ್ ದೊಡ್ಡದಾದರೆ ನೀರಲ್ಲಿ ಅದು ಮೇಲೇರಿ ಕಿವಿ ಮುಚ್ಚುತ್ತದೆ, ಮಕ್ಕಳು ಹೆದರುವುದು ಅಲ್ಲೇ. ಅದಕ್ಕೆ ಅವನ ಅಳತೆಯದ್ದನ್ನು ಡಲ್ಲಾಸ್‌ನಿಂದಲೇ ತನ್ನಿ, ಕಾಲುಗಳ ನಡುವೆ ಪಟ್ಟಿ ಇರುವಂಥದ್ದು. ನೀರು 24, 25 ಡಿಗ್ರಿ ಇರುತ್ತದೆ, ಕೇಳುವುದಕ್ಕೆ ಬೆಚ್ಚಗೆ ಅನಿಸಿದರೂ ಇಳಿದಾಗ ಚಳಿ ಹಿಡಿಯುತ್ತದೆ. ನೀವಿಬ್ಬರಲ್ಲಿ ಒಬ್ಬರು ಮೊದಲು ಇಳಿದು, ಅವನು ಮೆಟ್ಟಿಲಿಂದ ನಿಮ್ಮ ಕೈಗೆ ಬರಲಿ. ಕೆಳಗೆ ನೋಡಿದರೆ ಕಪ್ಪು ಬಣ್ಣದ ಸಣ್ಣ ಮೀನುಗಳು, ಮೀಸೆ ಇರುವಂಥವು, ನಿಮ್ಮ ಕಾಲ ಸುತ್ತ ಸುಳಿಯುತ್ತವೆ. ಕಚ್ಚುವುದಿಲ್ಲ ಅಂತ ಮೊದಲೇ ಹೇಳಿಡಿ.

ಇಳಿಯುವ ಮುಂಚೆ ಸ್ನಾನ ಮಾಡಲೇಬೇಕು. ಸನ್‌ಸ್ಕ್ರೀನ್, ಸೊಳ್ಳೆ ಔಷಧ, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಎಲ್ಲಾ ತೊಳೆದು ಹೋಗಬೇಕು. ಇದನ್ನು ಸುಮ್ನೆ ನಿಯಮ ಅಂತ ನೋಡಬೇಡಿ. ನೆಲದಡಿಯ ಈ ನೀರೆಲ್ಲ ಒಂದಕ್ಕೊಂದು ಸೇರಿಕೊಂಡಿದೆ, ಯುಕಟಾನಿನ ಊರುಗಳು ಕುಡಿಯುವುದು ಇದೇ ನೀರನ್ನು. ಸುಣ್ಣಕಲ್ಲು ಜರಡಿಯಂತೆ ತೂತು ತೂತು, ಮೇಲೆ ಬಿದ್ದದ್ದು ಕೆಳಗೆ ಇಳಿಯುತ್ತದೆ. ಹಂದಿ ಸಾಕಣೆಯ ಕೊಳಚೆಯಿಂದ, ಊರಿನ ಚರಂಡಿಯಿಂದ ಈಗಾಗಲೇ ಇದಕ್ಕೆ ಪೆಟ್ಟು ಬಿದ್ದಿದೆ. ಕಾನ್ಕುನ್ ಮತ್ತು ಟುಲುಂ ನಡುವೆ ಹೊಸ ರೈಲಿಗಾಗಿ ಉಕ್ಕಿನ ಕಂಬಗಳನ್ನು ಗುಹೆಗಳ ಮೂಲಕವೇ ಇಳಿಸಿದ್ದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ನಮ್ಮ ಕೈಯಲ್ಲಿ ಆಗುವುದು ಎಣ್ಣೆ ತೊಳೆದು ಇಳಿಯುವುದು. ಅಷ್ಟಾದರೂ ಮಾಡೋಣ, ಅಲ್ವಾ?

ಬಟ್ಟೆ ಬಗ್ಗೆ ನೀವು ಕೇಳಿಲ್ಲ, ಆದರೆ ನಮ್ಮ ಹೆಂಗಸರು ಕೊನೆ ಗಳಿಗೆಯಲ್ಲಿ ಒದ್ದಾಡುವುದು ಇದಕ್ಕೇ. ಚೂಡಿದಾರ, ಹತ್ತಿಯ ಟೀ ಶರ್ಟ್ ಬೇಡ, ನೆಂದರೆ ಭಾರ. ತುಂಬು ತೋಳಿನ ಈಜು ಅಂಗಿ, ಈಜಿಗೆಂದೇ ಬರುವ ಲೆಗ್ಗಿಂಗ್ಸ್ ಹಾಕಿಕೊಂಡರೆ ಯಾರೂ ಏನೂ ಅನ್ನುವುದಿಲ್ಲ. ಅದನ್ನು ಬೆಳಿಗ್ಗೆಯೇ ಒಳಗೆ ಹಾಕಿಕೊಂಡು ಹೊರಟರೆ ಬಟ್ಟೆ ಬದಲಿಸುವ ಸಾಲು ತಪ್ಪುತ್ತದೆ. ನೀರಲ್ಲೂ ಹಾಕಬಹುದಾದ ರಬ್ಬರ್ ಚಪ್ಪಲಿ, ಟವೆಲ್, ಲಾಕರಿಗೆ ಚಿಲ್ಲರೆ ಪೆಸೊ.

ಟೂರು ಬುಕ್ ಮಾಡುವ ಮುಂಚೆ ಫೋನಿನಲ್ಲೋ ವಾಟ್ಸಾಪ್‌ನಲ್ಲೋ ಕೇಳಿ: ನಮ್ಮನ್ನು ಹತ್ತಿಸಿಕೊಂಡ ಮೇಲೆ ಇನ್ನೆಷ್ಟು ಹೋಟೆಲಿಗೆ ಹೋಗುತ್ತೀರಿ? ಪಾಳು ನಗರದ ಗೇಟಿಗೆ ಎಷ್ಟು ಗಂಟೆಗೆ, ಯಾವ ರಾಜ್ಯದ ಸಮಯ? ಅಂಗಡಿಯ ಮುಂದೆ ನಿಲ್ಲಿಸುತ್ತೀರಾ? ಪ್ರವೇಶ ಶುಲ್ಕ ಸೇರಿದೆಯಾ? ಕೊನೆಯದ್ದು ಮುಖ್ಯ. ಚಿಚೆನ್ ಇಟ್ಸಾದಲ್ಲಿ ಶುಲ್ಕ ಎರಡು ಭಾಗ, ಒಂದು ಕೇಂದ್ರ ಸರ್ಕಾರದ ಪುರಾತತ್ವ ಸಂಸ್ಥೆಗೆ, ಇನ್ನೊಂದು ರಾಜ್ಯಕ್ಕೆ. ಕಡಿಮೆ ದರ ತೋರಿಸುವ ಟೂರುಗಳು ಇದನ್ನು ಬಸ್ಸು ಹೊರಟ ಮೇಲೆ ತಲೆಗಿಷ್ಟು ಅಂತ ಕೇಳುತ್ತವೆ, ನಾಲ್ಕು ಜನಕ್ಕೆ ಅದೇ ದೊಡ್ಡ ಮೊತ್ತ. ಉತ್ತರ ನೇರವಾಗಿ ಬರೆದು ಕೊಡದವರ ಹತ್ತಿರ ಬುಕ್ ಮಾಡಬೇಡಿ.

ಊಟ. ಟೂರಿನ ಬಫೆಯಲ್ಲಿ ಸಸ್ಯಾಹಾರ ಇದೆ ಅಂತಾರೆ, ಆದರೆ ಅನ್ನವನ್ನು ಕೋಳಿ ಸಾರಿನಲ್ಲಿ ಬೇಯಿಸಿರಬಹುದು, ಕಪ್ಪು ಬೀನ್ಸ್‌ಗೆ ಹಂದಿ ಕೊಬ್ಬು ಹಾಕಿರಬಹುದು. "ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಮಂತೇಕಾ", ಮಾಂಸ ಇಲ್ಲದೆ, ಕೋಳಿ ಇಲ್ಲದೆ, ಹಂದಿ ಕೊಬ್ಬು ಇಲ್ಲದೆ, ಇದನ್ನು ಕಾಗದದಲ್ಲಿ ಬರೆದು ತೋರಿಸಿ. ಅತ್ತೆಗೆ ಸಿಕಿಲ್ ಪಾಕ್ ಕೊಡಿಸಿ. ಕುಂಬಳ ಬೀಜ ಹುರಿದು, ಸುಟ್ಟ ಟೊಮೇಟೊ, ಖಾರ ಸೇರಿಸಿ ಅರೆದದ್ದು, ನಮ್ಮ ಚಟ್ನಿಯೇ. ಬಿಸಿ ಮೆಕ್ಕೆಜೋಳದ ತೊರ್ತಿಯಾ ರೊಟ್ಟಿ ಜೊತೆ ಹೊಟ್ಟೆ ತುಂಬುತ್ತದೆ. ಚಾಯಾ ಅನ್ನುವ ಸೊಪ್ಪಿನ ಹಸಿರು ಪಾನಕ ಸಿಕ್ಕರೆ ಕುಡಿಯಿರಿ. ಹಬನೇರೊ ಮೆಣಸಿನಕಾಯಿಯ ಬಟ್ಟಲಿಗೆ ಮಾತ್ರ ಧೈರ್ಯವಾಗಿ ಕೈ ಹಾಕಬೇಡಿ, ನಮ್ಮ ಗುಂಟೂರು ಖಾರ ತಿನ್ನುವವರೂ ನೀರು ಕೇಳಿದ್ದನ್ನು ನೋಡಿದ್ದೇನೆ.

ಭಾರತದ ಪಾಸ್‌ಪೋರ್ಟ್‌ಗೆ ಮೆಕ್ಸಿಕೋ ವೀಸಾ ಬೇಕು, ಆದರೆ ಅವಧಿ ಮುಗಿಯದ ಅಮೆರಿಕ ವೀಸಾ ಅಥವಾ ಗ್ರೀನ್ ಕಾರ್ಡ್ ಇದ್ದರೆ ಬೇರೆ ಬೇಡ. ವೀಸಾದ ಅವಧಿ ನೋಡುವುದು ಪಾಸ್‌ಪೋರ್ಟಿನಲ್ಲಿರುವ ವೀಸಾ ಸ್ಟ್ಯಾಂಪಿನಲ್ಲಿ. ಅತ್ತೆಯ ವೀಸಾ ಹಲವು ಸಲ ಪ್ರವೇಶಕ್ಕೆ ಅವಕಾಶ ಇರುವಂಥದ್ದೇ ಅಂತಲೂ ನೋಡಿಕೊಳ್ಳಿ, ವಾಪಸ್ ಡಲ್ಲಾಸ್‌ಗೆ ಬರಬೇಕಲ್ಲ.

ಅತ್ತೆಯ ಮಂಡಿ ನೋವು ಜಾಸ್ತಿ ಇದ್ದರೆ, ಚಿಚೆನ್ ಇಟ್ಸಾ ಬಿಟ್ಟು ಕೋಬಾ ಅನ್ನುವ ಇನ್ನೊಂದು ಮಾಯಾ ಪಾಳು ನಗರಕ್ಕೆ ಹೋಗುವುದನ್ನೂ ಯೋಚಿಸಿ. ಟುಲುಂನಿಂದ 45 ಕಿಲೋಮೀಟರ್, ಕಾಡಿನ ನೆರಳು. ಅಲ್ಲಿ ಮೂರು ಗಾಲಿಯ ಸೈಕಲ್ ಗಾಡಿಗಳಿವೆ, ಮುಂದೆ ಕೂರಿಸಿಕೊಂಡು 42 ಮೀಟರ್ ಎತ್ತರದ ನೊಹೊಚ್ ಮುಲ್ ಪಿರಮಿಡ್‌ನ ಬುಡದ ತನಕ ಕರೆದೊಯ್ಯುತ್ತಾರೆ. ಬರುವಾಗ ಟುಲುಂ ಹತ್ತಿರದ ಗ್ರಾನ್ ಸೆನೋಟೆಯಲ್ಲಿ ಮರದ ಕಟ್ಟೆಗಳಿವೆ, ಕಾಲು ನಿಲ್ಲುವ ಆಳವೂ ಇದೆ, ಆಮೆಗಳಿವೆ. ಈಜು ಬಾರದ ಮಗುವಿಗೆ ಇಕ್ ಕಿಲ್‌ಗಿಂತ ಇದೇ ವಾಸಿ. ಎರಡೂ ಕಿಂತಾನಾ ರೋದಲ್ಲೇ ಇರುವುದರಿಂದ ಗಡಿಯಾರದ ಗೊಂದಲವೂ ಇಲ್ಲ. ಚಪ್ಪಾಳೆಗೆ ಹಕ್ಕಿ ಕೂಗುವ ಪಿರಮಿಡ್ ಮಾತ್ರ ಸಿಗುವುದಿಲ್ಲ. ನಾನಾದರೆ ವಯ್ಯಾದೋಲಿದ್‌ನಲ್ಲಿ ಉಳಿದು ಚಿಚೆನ್ ಇಟ್ಸಾಗೇ ಹೋಗುತ್ತೇನೆ.

ಈಗ ಅತ್ತೆಯ ಪ್ರಶ್ನೆ. ಕೇಳಿದವರಲ್ಲಿ ಅವರೇ ಮೊದಲಿಗರೇನಲ್ಲ, ನನ್ನ ಅಮ್ಮನೂ ಕೇಳಿದ್ದರು. ಕಲ್ಯಾಣಿಯಲ್ಲಿ ಕಾಲು ತೊಳೆದು ನೀರು ತಲೆಗೆ ಚಿಮುಕಿಸಿಕೊಳ್ಳುವವರಿಗೆ ಇದು ಸಹಜವಾಗಿ ಬರುವ ಪ್ರಶ್ನೆ. ಪವಿತ್ರ ಸೆನೋಟೆಯಲ್ಲಿ ಯಾರೂ ಈಜುವುದಿಲ್ಲ, ಇಳಿಯಲು ಬಿಡುವುದೂ ಇಲ್ಲ. ಈಜುವುದು ಬೇರೆ ಸೆನೋಟೆಗಳಲ್ಲಿ. ಅವುಗಳಲ್ಲಿ ಹಲವನ್ನು ನೋಡಿಕೊಳ್ಳುತ್ತಿರುವವರು ಮಾಯಾ ಹಳ್ಳಿಯವರೇ, ಅವರ ಮಕ್ಕಳೂ ಅಲ್ಲೇ ಈಜು ಕಲಿಯುತ್ತಾರೆ. ಹಾಗಂತ ಅವರಿಗೆ ಅದು ಬರೀ ನೀರಲ್ಲ. ಇವತ್ತಿಗೂ ಮಳೆ ತಡವಾದರೆ ಹಳ್ಳಿಗಳಲ್ಲಿ ಚಾ ಚಾಕ್ ಅನ್ನುವ ಪೂಜೆ ಮಾಡುತ್ತಾರೆ, ಮೆಕ್ಕೆಜೋಳದ ಹೊಲದವರೆಲ್ಲ ಸೇರಿ ಮಳೆ ಕೇಳುತ್ತಾರೆ, ಅದಕ್ಕೆ ಯಾರೂ ಮುಟ್ಟದ ಗುಹೆಯ ನೀರು ತರುತ್ತಾರೆ. ವಯ್ಯಾದೋಲಿದ್ ಹತ್ತಿರದ ಒಂದು ಸಣ್ಣ ಸೆನೋಟೆಯಲ್ಲಿ ಟಿಕೆಟ್ ಕೊಡುತ್ತಿದ್ದ ಅಜ್ಜನನ್ನು ನನ್ನ ಅಮ್ಮನ ಪರವಾಗಿ ನಾನೇ ಕೇಳಿದ್ದೆ, ನಾವು ಇಳಿಯಬಹುದಾ ಅಂತ. ಅವರು ಅಮ್ಮನ ಕಡೆ ನೋಡಿ, ಮೊದಲು ಕೇಳಿ ಇಳಿಯಿರಿ, ಇಳಿದ ಮೇಲೆ ಕೂಗಾಡಬೇಡಿ ಅಂದರು. ಅಮ್ಮ ಕೊನೆಯ ಮೆಟ್ಟಿಲ ಮೇಲೆ ಕೂತು, ಕೈ ಮುಗಿದು, ಬೊಗಸೆಯಲ್ಲಿ ನೀರು ತೆಗೆದು ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಸೀರೆ ಸ್ವಲ್ಪ ಎತ್ತಿ ಮಂಡಿಯ ತನಕ ಕಾಲು ಇಳಿಬಿಟ್ಟು ಮುಕ್ಕಾಲು ಗಂಟೆ ಅಲ್ಲೇ ಕೂತಿದ್ದರು.